ಹಳೇ ಟಿವಿಗೆ ಯಾವ ಡಿಸ್ಕ್ ಪ್ಲೇಯರ್ ತಗೊಳ್ಳೋದು?

ಮನೆಯ ಡಿವಿಡಿ ಪ್ಲೇಯರ್ ಕೈಕೊಟ್ಟಿದೆ. ಟಿವಿ ಹಳೆಯದು, ಆದರೆ ಗಟ್ಟಿಯಾಗಿದೆ. ಕಪಾಟಿನ ತುಂಬ ಡಿಸ್ಕುಗಳಿವೆ: ಮದುವೆ ಡಿವಿಡಿ, ಯಕ್ಷಗಾನದ ವಿಸಿಡಿ, ಎರಡು-ಮೂರು ಡಿಸ್ಕಿಗೆ ಹಂಚಿದ ಸಿನಿಮಾಗಳು, ನೂರಾರು ಹಾಡು ತುಂಬಿದ ಎಂಪಿ3 ಸಿಡಿ. ಹೇಗೂ ಹೊಸದು ತಗೋಬೇಕು, ಒಂದು ಮೆಟ್ಟಿಲು ಮೇಲಿನದನ್ನೇ ತಗೊಳ್ಳೋಣ ಅನ್ನಿಸುವುದು ಸಹಜ. ಆಗ ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಬ್ಲೂ-ರೇ ಡಿಸ್ಕಿನ ಪ್ಲೇಯರ್ ಮೇಲೆ ಕಣ್ಣು ಬೀಳುತ್ತದೆ. ಯಾರಾದರೂ ಅಮೆರಿಕದಿಂದ ಬರುವವರಿದ್ದರೆ ಅದಕ್ಕೂ ಮೇಲಿನ 4ಕೆ ಪ್ಲೇಯರಿನ ಮಾತೂ ಬರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಳೇ ಟಿವಿ ಇರುವ ಹೆಚ್ಚಿನ ಕನ್ನಡದ ಮನೆಗಳಿಗೆ ಎವಿ ಮತ್ತು ಎಚ್‌ಡಿಎಂಐ, ಅಂದರೆ ಹಳೇ ಬಗೆಯ ಮತ್ತು ಹೊಸ ಬಗೆಯ ಸಾಕೆಟ್ ಎರಡೂ ಇರುವ ಸಾಧಾರಣ ಡಿವಿಡಿ ಪ್ಲೇಯರೇ ಸರಿ. ಬ್ಲೂ-ರೇ ಕೆಟ್ಟದು ಅಂತಲ್ಲ. ನಮ್ಮ ಕಪಾಟಿನಲ್ಲಿ ಇರುವ ಡಿಸ್ಕುಗಳಿಗೆ ಅದು ಮಾಡುವ ಉಪಕಾರ ಕಡಿಮೆ, ಕೆಲವಕ್ಕೆ ಅಪಕಾರವೇ ಜಾಸ್ತಿ. ಯಾರಿಗೆ ಬ್ಲೂ-ರೇ ನಿಜಕ್ಕೂ ಬೇಕು ಅನ್ನುವುದನ್ನೂ ಹೇಳುತ್ತೇನೆ. ಆದರೆ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಎರಡು ಕೆಲಸ ಇದೆ. ಟಿವಿಯ ಬೆನ್ನು ನೋಡಬೇಕು, ಕಪಾಟು ತೆಗೆದು ನೋಡಬೇಕು.

ಟಿವಿಯ ಬೆನ್ನಿನಲ್ಲಿ ಏನಿದೆ?

ಟಾರ್ಚ್ ಹಿಡಿದು ಹಿಂದೆ ನೋಡಿ. ಬರೀ ಆಂಟೆನಾ ಸಾಕೆಟ್ ಒಂದೇ ಇದ್ದರೆ ಅದು ತೀರಾ ಹಳೇ ಟ್ಯೂಬ್ ಟಿವಿ. ಯಾವ ಪ್ಲೇಯರ್ ತಂದರೂ ನಡುವೆ ಆರ್‌ಎಫ್ ಮಾಡ್ಯುಲೇಟರ್ ಅನ್ನುವ ಸಣ್ಣ ಡಬ್ಬಿ ಬೇಕು. ಅಂಥ ಟಿವಿಗೆ ಕಡಿಮೆ ಬೆಲೆಯ ಡಿವಿಡಿ ಪ್ಲೇಯರ್ ಬಿಟ್ಟು ಬೇರೇನೂ ಯೋಚಿಸಬೇಡಿ.

ಹಳದಿ, ಬಿಳಿ, ಕೆಂಪು ಸಾಕೆಟ್ ಇದ್ದರೆ ಅದು ಎವಿ. ಹಳದಿಯಲ್ಲಿ ಚಿತ್ರ, ಬಿಳಿ-ಕೆಂಪಿನಲ್ಲಿ ಎಡ-ಬಲದ ಧ್ವನಿ. ಕೆಲವು ಟಿವಿಗಳಲ್ಲಿ ಇದು ಮುಂದೆ, ಸ್ಪೀಕರ್ ಪಕ್ಕದ ಮುಚ್ಚಳದ ಒಳಗೆ ಇರುತ್ತದೆ. ಹಿಂದೆ ಕಾಣಿಸಲಿಲ್ಲ ಅಂತ ಇಲ್ಲವೆಂದುಕೊಳ್ಳಬೇಡಿ. ಹಳದಿ ತಂತಿಯ ತೊಂದರೆ ಏನೆಂದರೆ, ಬೆಳಕು ಮತ್ತು ಬಣ್ಣ ಎರಡೂ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ಟಿವಿ ಅವನ್ನು ಮತ್ತೆ ಬೇರೆ ಮಾಡುವಾಗ ಪೂರ್ತಿ ಸರಿಹೋಗುವುದಿಲ್ಲ. ಕೆಂಪು ಸೀರೆಯ ಅಂಚು ಹರಡಿದಂತೆ ಕಾಣುವುದು, ಅಕ್ಷರಗಳ ಅಂಚಿನಲ್ಲಿ ಚುಕ್ಕಿಗಳು ಹರಿದಾಡುವುದು ಇದರಿಂದಲೇ.

ಹಸಿರು, ನೀಲಿ, ಕೆಂಪು ಮೂರು ಸಾಕೆಟ್ ಬೇರೆಯಾಗಿ ಇದ್ದರೆ ಅದು ಕಾಂಪೊನೆಂಟ್. 29 ಇಂಚಿನ ಕೆಲವು ಟ್ಯೂಬ್ ಟಿವಿಗಳಲ್ಲೂ ಮೊದಮೊದಲ ಎಲ್‌ಸಿಡಿಗಳಲ್ಲೂ ಇದು ಸಿಗುತ್ತದೆ. ಇದರಲ್ಲಿ ಬೆಳಕು, ಬಣ್ಣ ಬೇರೆ ಬೇರೆ ತಂತಿಯಲ್ಲಿ ಬರುವುದರಿಂದ ಚಿತ್ರ ಎದ್ದು ಕಾಣುವಷ್ಟು ಚೊಕ್ಕ. ಧ್ವನಿಗೆ ಬಿಳಿ-ಕೆಂಪು ಬೇರೆಯೇ ಹಾಕಬೇಕು. ಎರಡು ಕೆಂಪು ಪಿನ್ನು ಇರುವುದರಿಂದ ಅದಲು ಬದಲಾಗಿ ಸಿಕ್ಕಿಸುವವರು ತುಂಬ ಜನ. ಚಿತ್ರ ಹಸಿರು ಹಸಿರಾಗಿ ಬಂದು ಒಂದು ಕಡೆಯ ಸ್ಪೀಕರ್ ಗೊರಗೊರ ಅಂದರೆ ಮೊದಲು ಅದನ್ನೇ ನೋಡಿ. ಕೆಲವು ಎಲ್‌ಸಿಡಿಗಳಲ್ಲಿ ಹಸಿರು ಮತ್ತು ಹಳದಿಗೆ ಒಂದೇ ಸಾಕೆಟ್ ಕೊಟ್ಟಿರುತ್ತಾರೆ. ಆಗ ಮೆನುವಿನಲ್ಲಿ ಎವಿ ಅಥವಾ ಕಾಂಪೊನೆಂಟ್ ಅಂತ ಆರಿಸಬೇಕಾಗುತ್ತದೆ.

ಕೊನೆಯದು ಎಚ್‌ಡಿಎಂಐ, ಚಿತ್ರ ಮತ್ತು ಧ್ವನಿ ಎರಡನ್ನೂ ಒಂದೇ ತಂತಿಯಲ್ಲಿ ತರುವ ಚಪ್ಪಟೆ ಸಾಕೆಟ್. ಇದು ಇದ್ದರೆ ನಿಮ್ಮ ಟಿವಿ ಅಷ್ಟೇನೂ ಹಳೆಯದಲ್ಲ, ಎಲ್ಲ ಆಯ್ಕೆಗಳೂ ತೆರೆದಿವೆ. ಎಚ್‌ಡಿಎಂಐ ಬದಲು ಕಂಪ್ಯೂಟರಿಗೆ ಬಳಸುವ ಡಿವಿಐ ಸಾಕೆಟ್ ಇದ್ದರೂ ಸಣ್ಣ ಅಡಾಪ್ಟರ್ ಹಾಕಿ ಚಿತ್ರ ತರಬಹುದು. ಧ್ವನಿಯನ್ನು ಮಾತ್ರ ಬೇರೆ ತಂತಿಯಲ್ಲಿ ಕೊಡಬೇಕು, ಮತ್ತು ಆ ಡಿವಿಐಗೆ ಎಚ್‌ಡಿಸಿಪಿ ಅನ್ನುವ, ನಕಲು ತಡೆಯುವ ಬೀಗದ ವ್ಯವಸ್ಥೆ ಇರಬೇಕು. ಇಲ್ಲದಿದ್ದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಟ್ಯೂಬ್ ಟಿವಿಗೆ ಬ್ಲೂ-ರೇ ಯಾಕೆ ಹೊಂದುವುದಿಲ್ಲ

ಬ್ಲೂ-ರೇ ಮಾರುಕಟ್ಟೆಗೆ ಬಂದದ್ದು 2006ರಲ್ಲಿ. ಆ ಕಾಲದ ಪ್ಲೇಯರ್‌ಗಳ ಹಿಂದೆ ಎವಿ, ಕಾಂಪೊನೆಂಟ್, ಎಚ್‌ಡಿಎಂಐ ಎಲ್ಲವೂ ಇರುತ್ತಿದ್ದವು. ಹಳೇ ತಂತಿಯಲ್ಲಿ ಹೋಗುವ ಚಿತ್ರವನ್ನು ಯಾರು ಬೇಕಾದರೂ ರೆಕಾರ್ಡ್ ಮಾಡಿಕೊಳ್ಳಬಹುದು ಅನ್ನುವುದು ಸಿನಿಮಾ ಕಂಪನಿಗಳ ಭಯ. ಅದಕ್ಕೇ ಬ್ಲೂ-ರೇಯ ಲೈಸೆನ್ಸಿನಲ್ಲಿ ಒಂದು ಗಡುವು ಹಾಕಿದರು. 2010 ಮುಗಿದ ಮೇಲೆ ತಯಾರಾದ ಪ್ಲೇಯರ್‌ಗಳು ಬ್ಲೂ-ರೇ ಚಿತ್ರವನ್ನು ಹಳೇ ತಂತಿಗಳಲ್ಲಿ ಡಿವಿಡಿ ಮಟ್ಟಕ್ಕೆ ಇಳಿಸಿಯೇ ಕಳಿಸಬೇಕು. 2013 ಮುಗಿದ ಮೇಲೆ ತಯಾರಾದವು ಕಳಿಸಲೇಬಾರದು. ಅಲ್ಲಿಂದ ಮುಂದೆ ಬಂದ ಪ್ಲೇಯರ್‌ಗಳ ಹಿಂದೆ ಸಾಮಾನ್ಯವಾಗಿ ಎಚ್‌ಡಿಎಂಐ ಒಂದೇ. ಹಳದಿ ಸಾಕೆಟ್ ಇರುವುದಿಲ್ಲ.

ಹಾಗಾಗಿ ಬರೀ ಎವಿ ಇರುವ ಟಿವಿಗೆ ಹೊಸ ಬ್ಲೂ-ರೇ ಪ್ಲೇಯರ್ ತಂದರೆ ನಡುವೆ ಎಚ್‌ಡಿಎಂಐಯಿಂದ ಎವಿಗೆ ಬದಲಿಸುವ ಕನ್ವರ್ಟರ್ ಹಾಕಬೇಕು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆದರೆ ಕೊನೆಗೆ ಚಿತ್ರ ಹೋಗುವುದು ಅದೇ ಹಳದಿ ತಂತಿಯಲ್ಲೇ ಅಲ್ವಾ? ಬ್ಲೂ-ರೇಯ ಸೊಬಗೆಲ್ಲ ಆ ತಂತಿಯಲ್ಲೇ ಸೋರಿಹೋಗುತ್ತದೆ. ಕಡಿಮೆ ಬೆಲೆಯ ಕನ್ವರ್ಟರ್ ಎಚ್‌ಡಿಸಿಪಿ ಬೀಗಕ್ಕೆ ಸರಿಯಾಗಿ ಉತ್ತರ ಕೊಡದೆ ಪರದೆ ಕಪ್ಪಾಗುವುದೂ ಉಂಟು. ಅಂಗಡಿಯಲ್ಲಿ ಇನ್ನೊಂದು ಎಚ್ಚರ ಬೇಕು. ಎಚ್‌ಡಿಎಂಐಯಿಂದ ಎವಿಗೆ ಒಂದು ಡಬ್ಬಿ, ಎವಿಯಿಂದ ಎಚ್‌ಡಿಎಂಐಗೆ ಬೇರೆ ಡಬ್ಬಿ. ನೋಡಲು ಎರಡೂ ಅವಳಿ-ಜವಳಿ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಬಾಣದ ಗುರುತು ಯಾವ ಕಡೆಗಿದೆ ಅಂತ ಓದಿಯೇ ದುಡ್ಡು ಕೊಡಿ.

ಇಷ್ಟು ಹೇಳಿದ ಮೇಲೆ ಟ್ಯೂಬ್ ಟಿವಿಯ ಪರವಾಗಿ ಒಂದು ಮಾತು. ವಿಸಿಡಿ, ಡಿವಿಡಿ ನೋಡಲು ಅದರಷ್ಟು ಹೊಂದುವ ಪರದೆ ಇನ್ನೊಂದಿಲ್ಲ. ನಮ್ಮ ದೇಶದ ಪ್ಯಾಲ್ ಅನ್ನುವ ಟಿವಿ ಪದ್ಧತಿಯಲ್ಲಿ ಚಿತ್ರಕ್ಕೆ 576 ಗೆರೆಗಳು. ಡಿವಿಡಿಯಲ್ಲೂ ಅಷ್ಟೇ ಗೆರೆ. ಟ್ಯೂಬ್ ಅದನ್ನು ಹಿಗ್ಗಿಸದೆ, ಕುಗ್ಗಿಸದೆ ಹಾಗೇ ಬಿಡಿಸುತ್ತದೆ. ಜೊತೆಗೆ ಅದರ ಗೆರೆಗಳು ಸ್ವಲ್ಪ ಮೆತ್ತಗೆ ಇರುವುದರಿಂದ ವಿಸಿಡಿಯ ಚೌಕ ಚೌಕ ಕಲೆಗಳು ಅಷ್ಟಾಗಿ ಕಾಣುವುದಿಲ್ಲ. ಅದೇ ವಿಸಿಡಿಯನ್ನು 43 ಇಂಚಿನ ಎಲ್‌ಇಡಿಯಲ್ಲಿ ಹಾಕಿ, ಮುಖವೆಲ್ಲ ಇಟ್ಟಿಗೆ ಜೋಡಿಸಿದಂತೆ ಕಾಣುತ್ತದೆ. "ಹೊಸ ಟಿವಿ ತಂದ ಮೇಲೆ ಹಳೇ ಸಿಡಿ ಹಾಳಾಯ್ತು" ಅನ್ನುವವರಿಗೆ ಉತ್ತರ ಇದು. ಡಿಸ್ಕ್ ಹಾಳಾಗಿಲ್ಲ, ಪರದೆ ಏನನ್ನೂ ಮುಚ್ಚಿಡುತ್ತಿಲ್ಲ ಅಷ್ಟೇ.

ಕಪಾಟಿನಲ್ಲಿ ಇರುವುದು ಯಾವ ಡಿಸ್ಕು?

ನನ್ನ ಪ್ರಕಾರ ಟಿವಿಗಿಂತ ಈ ಪ್ರಶ್ನೆ ದೊಡ್ಡದು. ಡಿಸ್ಕಿನಲ್ಲಿ ಇಲ್ಲದ ವಿವರವನ್ನು ಯಾವ ಪ್ಲೇಯರೂ ತಂದುಕೊಡುವುದಿಲ್ಲ.

ಲೆಕ್ಕ ನೋಡಿ. ವಿಸಿಡಿಯ ಚಿತ್ರ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿ. ಒಟ್ಟು ಸುಮಾರು 1 ಲಕ್ಷ. ಡಿವಿಡಿ 720ಕ್ಕೆ 576, ಅಂದರೆ 4 ಲಕ್ಷದ ಮೇಲೆ. ಬ್ಲೂ-ರೇ 1920ಕ್ಕೆ 1080, ಸುಮಾರು 20 ಲಕ್ಷ. ವಿಸಿಡಿಯಿಂದ ಡಿವಿಡಿಗೆ ನಾಲ್ಕು ಪಟ್ಟು, ಡಿವಿಡಿಯಿಂದ ಬ್ಲೂ-ರೇಗೆ ಐದು ಪಟ್ಟು. ಚಿತ್ರಕ್ಕೆ ಸೆಕೆಂಡಿಗೆ ಸಿಗುವ ಮಾಹಿತಿಯಲ್ಲಿ ಅಂತರ ಇನ್ನೂ ಜಾಸ್ತಿ. ವಿಸಿಡಿಗೆ 1.15 ಮೆಗಾಬಿಟ್, ಡಿವಿಡಿಗೆ ಹೆಚ್ಚೆಂದರೆ 9.8, ಬ್ಲೂ-ರೇಗೆ ಹೆಚ್ಚೆಂದರೆ 40.

ನಮ್ಮಲ್ಲಿ ವಿಸಿಡಿ ಇಷ್ಟೊಂದು ತುಂಬಿಕೊಂಡಿರುವುದಕ್ಕೆ ಕಾರಣ ಅದರ ಬೆಲೆ. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ಶುರು ಮಾಡಿತು. ನಕಲಿ ಡಿಸ್ಕಿನ ಬೆಲೆಗೇ ಅಸಲಿ ಸಿಕ್ಕಿತು. ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಹಿಡಿದು ಕಿರಾಣಿ ಅಂಗಡಿಯವರೆಗೂ ಡಿಸ್ಕ್ ತೂಗುಹಾಕಿದ ಕಾಲ ಅದು. ಆಮೇಲೆ ಒಂದೇ ಡಿವಿಡಿಯಲ್ಲಿ ಮೂರು ಸಿನಿಮಾ ತುರುಕಿದವು ಬಂದವು. ಅಗ್ಗ ನಿಜ, ಆದರೆ 4.7 ಅಥವಾ 8.5 ಜಿಬಿ ಜಾಗವನ್ನು ಮೂರು ಸಿನಿಮಾ ಹಂಚಿಕೊಂಡರೆ ಪ್ರತಿಯೊಂದಕ್ಕೂ ಸಿಗುವುದು ಅಷ್ಟಕ್ಕಷ್ಟೇ. ಇಂಥ ಡಿಸ್ಕನ್ನು ಎಷ್ಟೇ ದುಬಾರಿ ಪ್ಲೇಯರಿನಲ್ಲಿ ಹಾಕಿದರೂ ಮಸುಕು ಮಸುಕೇ.

"ಬ್ಲೂ-ರೇ ಪ್ಲೇಯರ್ ಡಿವಿಡಿಯನ್ನು ಎಚ್‌ಡಿ ಮಾಡುತ್ತದೆ" ಅಂತ ಅಂಗಡಿಯವರು ಹೇಳಿದರೆ ಅರ್ಧ ನಂಬಿ. ಅಪ್‌ಸ್ಕೇಲಿಂಗ್ ಅಂದರೆ ಇರುವ ಚುಕ್ಕಿಗಳ ನಡುವೆ ಹೊಸ ಚುಕ್ಕಿಗಳನ್ನು ಅಂದಾಜಿನಲ್ಲಿ ತುಂಬುವುದು. ಒಳ್ಳೆಯ ಪ್ಲೇಯರ್ ಈ ಅಂದಾಜನ್ನು ಚೆನ್ನಾಗಿ ಮಾಡುತ್ತದೆ, ಅಂಚುಗಳು ನಯವಾಗುತ್ತವೆ. ಆದರೆ ನಿಮ್ಮ ಎಚ್‌ಡಿ ಟಿವಿಯೂ ಇದೇ ಕೆಲಸ ಮಾಡುತ್ತದೆ. ಮಾಡದಿದ್ದರೆ ಡಿವಿಡಿ ಚಿತ್ರ ಪರದೆ ತುಂಬ ಬರುತ್ತಲೇ ಇರಲಿಲ್ಲ. ಎರಡರಲ್ಲಿ ಯಾವುದು ಜಾಣ ಅನ್ನುವುದಷ್ಟೇ ಪ್ರಶ್ನೆ.

ಇನ್ನು ಅಪಕಾರದ ವಿಷಯ. ತುಂಬ ಬ್ಲೂ-ರೇ ಪ್ಲೇಯರ್‌ಗಳು ವಿಸಿಡಿಯನ್ನು ಓದುವುದೇ ಇಲ್ಲ. ಹೊರದೇಶಕ್ಕೆಂದು ಮಾಡಿದವುಗಳಲ್ಲಂತೂ ಈ ಕಷ್ಟ ಜಾಸ್ತಿ, ಯಾಕೆಂದರೆ ಅಮೆರಿಕದಲ್ಲಿ ವಿಸಿಡಿ ಬಳಕೆಗೆ ಬರಲೇ ಇಲ್ಲ. ಅದು ಓಡಿದ್ದು ನಮ್ಮಂಥ ಏಷ್ಯಾದ ದೇಶಗಳಲ್ಲಿ. ನಮ್ಮ ಅಂಗಡಿಗಳ ಕಡಿಮೆ ಬೆಲೆಯ ಡಿವಿಡಿ ಪ್ಲೇಯರ್ ಮಾತ್ರ ವಿಸಿಡಿ, ಎಂಪಿ3 ಸಿಡಿ, ಸ್ಟುಡಿಯೋದವರು ಬರೆದುಕೊಟ್ಟ ಮದುವೆ ಡಿವಿಡಿ ಎಲ್ಲವನ್ನೂ ತಕರಾರಿಲ್ಲದೆ ನುಂಗುತ್ತದೆ. ಕಪಾಟಿನ ಮುಕ್ಕಾಲು ಭಾಗ ವಿಸಿಡಿ ಆಗಿದ್ದರೆ ಆಯ್ಕೆ ಇಲ್ಲಿಗೇ ಮುಗಿಯಿತು.

ಬ್ಲೂ-ರೇ ಬೇಕು ಅನ್ನುವವರು ಇನ್ನೊಂದನ್ನೂ ಗಮನಿಸಿ. ಕನ್ನಡ ಸಿನಿಮಾಗಳು ಬ್ಲೂ-ರೇಯಲ್ಲಿ ಬಂದದ್ದು ತೀರಾ ಕಡಿಮೆ. ಹಿಂದಿ, ತಮಿಳು, ಇಂಗ್ಲಿಷ್ ಚಿತ್ರಗಳ ಡಿಸ್ಕು ನಿಮ್ಮಲ್ಲಿ ಇದ್ದರೆ ಅಥವಾ ಕೊಳ್ಳುವ ಮನಸ್ಸಿದ್ದರೆ ಮಾತ್ರ ಆ ಪ್ಲೇಯರಿಗೆ ಅರ್ಥ.

ಎಷ್ಟು ದೂರದಲ್ಲಿ ಕೂರುತ್ತೀರಿ?

ಇದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಅಲ್ಲಿ ನಾವು ಎರಡಡಿ ದೂರದಲ್ಲಿ ನಿಂತು ನೋಡಿ ಬೆರಗಾಗುತ್ತೇವೆ. ಮನೆಯಲ್ಲಿ ಸೋಫಾ ಇರುವುದು ಹತ್ತಡಿ ದೂರದಲ್ಲಿ.

ಸರಿಯಾದ ದೃಷ್ಟಿ ಇರುವ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವನ್ನು ಬೇರೆ ಮಾಡಿ ನೋಡಬಲ್ಲದು ಅಂತ ಲೆಕ್ಕ. ಹತ್ತಡಿ ದೂರದಲ್ಲಿ ಅದು ಸುಮಾರು 0.9 ಮಿಲಿಮೀಟರ್. 32 ಇಂಚಿನ ಟಿವಿಯ ಅಗಲ ಸುಮಾರು 71 ಸೆಂಟಿಮೀಟರ್. ಭಾಗಿಸಿ ನೋಡಿ, ಅಡ್ಡಕ್ಕೆ ಹೆಚ್ಚುಕಡಿಮೆ 800 ಚುಕ್ಕಿ ಬರುತ್ತದೆ. ಅಷ್ಟು ದೂರದಿಂದ ಕಣ್ಣು ಬೇರೆ ಮಾಡಿ ನೋಡುವುದು ಅಷ್ಟೇ. ಡಿವಿಡಿಯಲ್ಲೇ 720 ಇದೆ! ಬ್ಲೂ-ರೇಯ 1920ರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಸೋಫಾವರೆಗೆ ತಲುಪುವುದೇ ಇಲ್ಲ. ಐದಡಿಗೆ ಬಂದು ಕೂತರೆ 1600 ಆಗುತ್ತದೆ, ಆಗ ಕತೆ ಬೇರೆ.

ಹಾಗಂತ ದೂರದಿಂದ ವ್ಯತ್ಯಾಸ ಏನೂ ಕಾಣುವುದಿಲ್ಲ ಅಂತಲ್ಲ. ಬ್ಲೂ-ರೇಯಲ್ಲಿ ಬಣ್ಣ ತಿಳಿಯಾಗಿರುತ್ತದೆ, ಮಳೆ, ಹೊಗೆ, ಕತ್ತಲೆಯ ದೃಶ್ಯಗಳಲ್ಲಿ ಚೌಕಗಳು ಏಳುವುದಿಲ್ಲ. ಇವು ಹತ್ತಡಿಗೂ ಗೊತ್ತಾಗುತ್ತವೆ. ಆದರೆ "ಐದು ಪಟ್ಟು" ಅನ್ನುವ ಆಸೆ ಇಟ್ಟುಕೊಂಡು ಕೂತರೆ ನಿರಾಸೆ ಆಗುತ್ತದೆ. ಟಿವಿ 40 ಇಂಚಿನ ಫುಲ್ ಎಚ್‌ಡಿ (1920ಕ್ಕೆ 1080 ಚುಕ್ಕಿ), ಕೂರುವ ಜಾಗ ಆರಡಿ, ಕೈಯಲ್ಲಿ ಒಂದಷ್ಟು ಬ್ಲೂ-ರೇ ಡಿಸ್ಕು. ಈ ಮೂರೂ ಇದ್ದವರು ಕಣ್ಣು ಮುಚ್ಚಿ ಬ್ಲೂ-ರೇ ತಗೊಳ್ಳಿ. 2008-09ರ ಎಚ್‌ಡಿ ರೆಡಿ ಟಿವಿ, ಅಂದರೆ 1366ಕ್ಕೆ 768 ಚುಕ್ಕಿಯ ಪರದೆ ಇದ್ದವರಿಗೂ ಹತ್ತಿರ ಕೂತರೆ ಲಾಭ ಇದೆ. ಆ ಪರದೆಯಲ್ಲೂ ಡಿವಿಡಿಯ ಎರಡೂವರೆ ಪಟ್ಟು ಚುಕ್ಕಿ ಇವೆ.

4ಕೆ ಪ್ಲೇಯರ್, ಗೇಮ್ ಕನ್ಸೋಲ್

4ಕೆ ಡಿಸ್ಕು 2016ರಲ್ಲಿ ಬಂತು. ಅದರ ಪ್ಲೇಯರನ್ನು ಫುಲ್ ಎಚ್‌ಡಿ ಟಿವಿಗೆ ಜೋಡಿಸಿದರೆ ಚಿತ್ರವನ್ನು 1080ಕ್ಕೆ ಇಳಿಸಿ ಕೊಡುತ್ತದೆ. ಎಚ್‌ಡಿಆರ್, ಅಂದರೆ ಬೆಳಕು-ಕತ್ತಲೆಯ ಅಂತರ ಹೆಚ್ಚು ತೋರುವ ಚಿತ್ರದ ಬಣ್ಣವನ್ನು ಹಳೇ ಟಿವಿಗೆ ಹೊಂದಿಸುವಾಗ ಕೆಲವು ಪ್ಲೇಯರ್‌ಗಳಲ್ಲಿ ಚಿತ್ರ ಮಂಕಾಗುತ್ತದೆ. ಹಳೇ ಟಿವಿಗೆ ಇದು ಸುಮ್ನೆ ದುಡ್ಡು ದಂಡ. ಇನ್ನೆರಡು ವರ್ಷದಲ್ಲಿ ದೊಡ್ಡ 4ಕೆ ಟಿವಿ ತರುವುದು ಖಂಡಿತ ಅನ್ನುವವರು ಮಾತ್ರ ಯೋಚಿಸಬಹುದು. ತಯಾರಕರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿರುವುದೂ ನಿಜ. ಒಪ್ಪೊ 2018ರಲ್ಲಿ ನಿಲ್ಲಿಸಿತು, 2019ರಲ್ಲಿ ಸ್ಯಾಮ್‌ಸಂಗ್ ಅಮೆರಿಕಕ್ಕೆ ಹೊಸ ಪ್ಲೇಯರ್ ತರುವುದಿಲ್ಲ ಎಂದಿತು, 2024ರ ಕೊನೆಗೆ ಎಲ್‌ಜಿಯೂ ಕೈಬಿಟ್ಟಿತು.

ಮನೆಯಲ್ಲಿ ಮಕ್ಕಳ ಹಳೇ ಪ್ಲೇಸ್ಟೇಷನ್ 3 ಬಿದ್ದಿದ್ದರೆ ಅದು ಬ್ಲೂ-ರೇ, ಡಿವಿಡಿ, ಸಿಡಿ ಮೂರನ್ನೂ ಓಡಿಸುತ್ತದೆ. ಎಚ್‌ಡಿಎಂಐಯಲ್ಲಿ ಡಿವಿಡಿಯನ್ನು ಅಪ್‌ಸ್ಕೇಲ್ ಮಾಡುವುದೂ ಚೆನ್ನಾಗಿದೆ. ಫ್ಯಾನಿನ ಸದ್ದು ಸಹಿಸಿಕೊಳ್ಳಬೇಕು. ಪ್ಲೇಸ್ಟೇಷನ್ 4 ಮತ್ತು 5 ಹಾಡಿನ ಸಿಡಿ ಓಡಿಸುವುದಿಲ್ಲ. ಎಕ್ಸ್‌ಬಾಕ್ಸ್ 360 ಡಿವಿಡಿಗೆ ಮಾತ್ರ ಸರಿ, ಎಕ್ಸ್‌ಬಾಕ್ಸ್ ಒನ್ ಬ್ಲೂ-ರೇ ಓಡಿಸುತ್ತದೆ. ಯಾವುದನ್ನೂ ವಿಸಿಡಿಗೆ ನಂಬಬೇಡಿ. ಸಿನಿಮಾ ನೋಡಲೆಂದೇ ಕನ್ಸೋಲ್ ಕೊಳ್ಳುವುದು ಬೇಡ, ಇದ್ದರೆ ಬಳಸಿ.

ಅಮೆರಿಕದಿಂದ ತರಿಸುವುದು, ಅಮೆರಿಕಕ್ಕೆ ಒಯ್ಯುವುದು

"ಅಲ್ಲಿ ಅಗ್ಗ, ಬರುವಾಗ ಒಂದು ತಗೊಂಡು ಬಾ" ಅನ್ನುವ ಮೊದಲು ಮೂರು ವಿಷಯ ನೋಡಿ. ಒಂದು, ರೀಜನ್ ಕೋಡ್. ಡಿವಿಡಿಗೆ ಭಾರತ 5ನೇ ವಲಯ, ಅಮೆರಿಕ 1, ಇಂಗ್ಲೆಂಡ್ 2. ಬ್ಲೂ-ರೇಗೆ ವಲಯಗಳು ಮೂರೇ: ಅಮೆರಿಕ ಎ, ಯುರೋಪು ಬಿ, ಭಾರತ ಸಿ. ಒಂದು ವಲಯದ ಬೀಗ ಹಾಕಿದ ಡಿಸ್ಕು ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡುವುದಿಲ್ಲ. ವಲಯದ ಬೀಗವೇ ಇಲ್ಲದ ಡಿಸ್ಕುಗಳೂ ನಮ್ಮಲ್ಲಿ ಬಂದಿವೆ. 4ಕೆ ಡಿಸ್ಕಿಗೆ ಈ ಬೀಗವೇ ಇಲ್ಲ. ಎರಡು, ಟಿವಿ ಪದ್ಧತಿ: ನಮ್ಮದು ಪ್ಯಾಲ್, ಅಲ್ಲಿಯದು ಎನ್‌ಟಿಎಸ್‌ಸಿ. ಭಾರತದಲ್ಲಿ ಮಾರುವ ಡಿವಿಡಿ ಪ್ಲೇಯರ್‌ಗಳು ಎರಡನ್ನೂ ಓಡಿಸುತ್ತವೆ. ಅಲ್ಲಿಯ ದೊಡ್ಡ ಬ್ರಾಂಡುಗಳ ಪ್ಲೇಯರ್ ಎಷ್ಟೋ ಸಲ ಪ್ಯಾಲ್ ಡಿಸ್ಕನ್ನು ಒಪ್ಪುವುದಿಲ್ಲ. ಮೂರು, ಅಲ್ಲಿಯ ಕರೆಂಟು 120 ವೋಲ್ಟ್, ಇಲ್ಲಿಯದು 230. ಹಿಂದಿನ ಚೀಟಿಯಲ್ಲಿ 100ರಿಂದ 240 ಅಂತ ಬರೆದಿದ್ದರೆ ಪ್ಲಗ್ ಬದಲಿಸಿದರೆ ಸಾಕು. ಬರೀ 120 ಅಂತ ಇದ್ದರೆ ಟ್ರಾನ್ಸ್‌ಫಾರ್ಮರ್ ಬೇಕು, ಮರೆತು ನೇರ ಸಿಕ್ಕಿಸಿದರೆ ಅಲ್ಲಿಗೇ ಅದರ ಕತೆ ಮುಗಿಯಿತು.

ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದೇ ಕಷ್ಟ ತಿರುಗುಮುರುಗಾಗಿ ಬರುತ್ತದೆ. ಊರಿನಿಂದ ಒಯ್ದ ಮದುವೆ ಡಿವಿಡಿ ಪ್ಯಾಲ್ ಆಗಿರುತ್ತದೆ, ಅಲ್ಲಿಯ ಪ್ಲೇಯರ್ ಬೇಡ ಅನ್ನುತ್ತದೆ. ಅವರು ಹೊಸ ಪ್ಲೇಯರ್ ಹುಡುಕುವ ಬದಲು ಯುಎಸ್‌ಬಿ ಡಿವಿಡಿ ಡ್ರೈವ್ ತಗೊಂಡು ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಅನ್ನುವ ಉಚಿತ ತಂತ್ರಾಂಶ ಹಾಕಿ ನೋಡುವುದು ಸುಲಭ. ಕಂಪ್ಯೂಟರಿಗೆ ಪ್ಯಾಲ್, ಎನ್‌ಟಿಎಸ್‌ಸಿ ಎರಡೂ ಒಂದೇ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ

ಹೊಸ ಬ್ಲೂ-ರೇ ಪ್ಲೇಯರ್ ನಮ್ಮ ಅಂಗಡಿಗಳಲ್ಲಿ ಅಪರೂಪವಾಗಿದೆ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಸುತ್ತಿದರೂ ಕೈಗೆ ಸಿಗುವುದರಲ್ಲಿ ಬಳಸಿದ್ದೇ ಜಾಸ್ತಿ. ಅದರಲ್ಲಿ ತಪ್ಪೇನಿಲ್ಲ, ಪರೀಕ್ಷೆ ಮಾಡಿ ತಗೊಳ್ಳಿ.

ಮನೆಯಿಂದ ನಿಮ್ಮದೇ ಡಿಸ್ಕುಗಳನ್ನು ಒಯ್ಯಿರಿ. ಹೊಳೆಯುವ ಹೊಸ ಡಿಸ್ಕಲ್ಲ, ಸ್ಟುಡಿಯೋದವರು ಬರೆದುಕೊಟ್ಟ ಹಳೇ ಮದುವೆ ಡಿವಿಡಿ. ಬರೆದ ಡಿಸ್ಕಿನಲ್ಲಿ ಲೇಸರ್ ಬೆಳಕು ಅಚ್ಚಿನ ಡಿಸ್ಕಿನಷ್ಟು ಚೆನ್ನಾಗಿ ಪ್ರತಿಫಲಿಸುವುದಿಲ್ಲ. ಲೇಸರ್ ಸೊರಗುತ್ತಿದ್ದರೆ ಮೊದಲು ಕೈಕೊಡುವುದು ಅಲ್ಲೇ. ಸಿಡಿ, ಡಿವಿಡಿ, ಬ್ಲೂ-ರೇ ಮೂರಕ್ಕೂ ಬೇರೆ ಬೇರೆ ಬಣ್ಣದ ಲೇಸರ್ ಬೇಕು. ಆದ್ದರಿಂದ ಒಂದು ಓಡಿತು ಅಂದರೆ ಎಲ್ಲವೂ ಓಡುತ್ತದೆ ಅಂತ ಅಲ್ಲ. ಮೂರನ್ನೂ ಹಾಕಿ ನೋಡಿ. ಒಂದೇ ಡಿಸ್ಕಿನಲ್ಲಿ ಪೂರ್ತಿ ಸಿನಿಮಾ ಇರುವ ಡಿವಿಡಿಯಾದರೆ ನಡುವಿಗೆ ಓಡಿಸಿ. ಎರಡು ಪದರದ ಡಿಸ್ಕಿನಲ್ಲಿ ಪದರ ಬದಲಾಗುವುದು ಅಲ್ಲಿಯೇ, ನಿಂತರೆ ಅಲ್ಲೇ ನಿಲ್ಲುತ್ತದೆ.

ಟ್ರೇ ನಾಲ್ಕಾರು ಸಲ ತೆಗೆದು ಮುಚ್ಚಿ. ತೇಕುತ್ತಾ ಬಂದರೆ ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿದೆ. ಅದು ಸಣ್ಣ ರಿಪೇರಿ, ಬೆಲೆ ಇಳಿಸಲು ಒಳ್ಳೆಯ ನೆಪ. ಅಸಲಿ ರಿಮೋಟ್ ಇಲ್ಲದಿದ್ದರೆ ಮಾತ್ರ ಎರಡು ಸಲ ಯೋಚಿಸಿ. ಪ್ಲೇಯರಿನ ಮೇಲಿರುವುದು ಆನ್, ಪ್ಲೇ, ಟ್ರೇ ಬಟನ್ ಅಷ್ಟೇ. ಸೆಟ್ಟಿಂಗ್ ಬದಲಿಸಲು ರಿಮೋಟ್ ಬೇಕೇ ಬೇಕು. "ಇದರಲ್ಲಿ ಯೂಟ್ಯೂಬೂ ಬರುತ್ತೆ ಸಾರ್" ಅಂತ ಮಾರುವವರು ಹೇಳಿದರೆ ಆನ್ ಮಾಡಿ ತೋರಿಸಲು ಹೇಳಿ. 2012ರ ಆಸುಪಾಸಿನ ಎಷ್ಟೋ ಪ್ಲೇಯರ್‌ಗಳ ಯೂಟ್ಯೂಬ್ ಆಪ್ 2015ರಲ್ಲೇ ನಿಂತಿದೆ.

ಹಳೇ ಹೋಮ್ ಥಿಯೇಟರ್ ಇದ್ದವರು ಇನ್ನೊಂದನ್ನು ಗಮನಿಸಿ. ಅದಕ್ಕೆ ಆರು ತಂತಿಯ 5.1 ಇನ್‌ಪುಟ್ ಇದ್ದು, ಹೊಸ ಪ್ಲೇಯರಿನಲ್ಲಿ ಆ ಆರು ಸಾಕೆಟ್ ಇಲ್ಲದಿದ್ದರೆ ಹಿಂದಿನ ಸ್ಪೀಕರ್‌ಗಳು ಮೌನವಾಗುತ್ತವೆ. ಸಿಕ್ಕರೆ 5.1 ಔಟ್ ಇರುವ ಡಿವಿಡಿ ಪ್ಲೇಯರನ್ನೇ ಹುಡುಕಿ. ಚಿತ್ರದಲ್ಲಿ ಗಳಿಸುವುದಕ್ಕಿಂತ ಧ್ವನಿಯಲ್ಲಿ ಕಳೆದುಕೊಳ್ಳುವುದೇ ಜಾಸ್ತಿ ಆಗಬಾರದು.

ತಂದ ಮೇಲೆ ಮೆನುವಿನಲ್ಲಿ

"ಹೊಸ ಪ್ಲೇಯರ್ ಚೆನ್ನಾಗಿಲ್ಲ" ಅನ್ನುವ ದೂರುಗಳಲ್ಲಿ ಎಷ್ಟೋ ಸೆಟ್ಟಿಂಗಿನವು. ಮೊದಲು ಟಿವಿ ಆಕಾರ: ಟ್ಯೂಬ್ ಟಿವಿಗೆ 4:3 ಎಲ್‌ಬಿ, ಅಗಲದ ಟಿವಿಗೆ 16:9. ಇದು ತಪ್ಪಿದರೆ ಎಲ್ಲರೂ ತೆಳ್ಳಗೆ ಉದ್ದವಾಗುತ್ತಾರೆ, ಇಲ್ಲವೇ ಅಡ್ಡಡ್ಡ ಉಬ್ಬುತ್ತಾರೆ. ನಮ್ಮ ಎಷ್ಟೋ ಡಿಸ್ಕುಗಳಲ್ಲಿ ಮೇಲೆ ಕೆಳಗಿನ ಕಪ್ಪು ಪಟ್ಟಿಯೂ ಚಿತ್ರದ ಒಳಗೇ ಸೇರಿರುತ್ತದೆ. ಅಗಲದ ಟಿವಿಯಲ್ಲಿ ಅವು ನಾಲ್ಕೂ ಕಡೆ ಕಪ್ಪು ಬಿಟ್ಟು ನಡುವೆ ಕಿಟಕಿಯಷ್ಟೇ ಕಾಣುತ್ತವೆ. ಟಿವಿ ರಿಮೋಟಿನ ಜೂಮ್ ಒತ್ತಿ.

ಎಚ್‌ಡಿಎಂಐ ಹಾಕಿದರೂ ಪರದೆ ಕಪ್ಪಾಗಿದ್ದರೆ ಪ್ಲೇಯರ್ 1080ಪಿ ಕಳಿಸುತ್ತಿರಬಹುದು. ಹಳೇ ಎಚ್‌ಡಿ ರೆಡಿ ಟಿವಿಗಳಲ್ಲಿ ಕೆಲವು 1080ಐ ಅಥವಾ 720ಪಿವರೆಗೆ ಮಾತ್ರ ಒಪ್ಪುತ್ತವೆ. ಪ್ಲೇಯರನ್ನು ಬೇರೆ ಟಿವಿಗೆ ಜೋಡಿಸಿ, ಅದರ ಮೆನುವಿನಲ್ಲಿ ಈ ಮಟ್ಟಕ್ಕೆ ಇಳಿಸಿಕೊಂಡು ಬನ್ನಿ. ಚಿತ್ರದ ಅಂಚು ಕತ್ತರಿಸಿಹೋಗುತ್ತಿದ್ದರೆ ಟಿವಿಯ ಮೆನುವಿನಲ್ಲಿ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್ ಅಂತ ಏನಾದರೂ ಇದೆಯಾ ನೋಡಿ. ಡಿವಿಡಿ ಪ್ಲೇಯರನ್ನು ಎಚ್‌ಡಿಎಂಐ ಇರುವ ಟಿವಿಗೆ ಹಳದಿ ತಂತಿಯಲ್ಲೇ ಜೋಡಿಸಿಟ್ಟುಕೊಂಡವರೂ ಇದ್ದಾರೆ. ತಂತಿ ಬದಲಿಸಿದರೆ ಸಾಕು, ಪ್ಲೇಯರ್ ಬದಲಿಸಿದಷ್ಟು ಗುಣ ಕಾಣುತ್ತದೆ.

ಪ್ಲೇಯರೇ ಬೇಡ ಅನ್ನುವ ದಾರಿ

ಟಿವಿಗೆ ಯುಎಸ್‌ಬಿ ಇದ್ದರೆ ಡಿಸ್ಕನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ನೋಡಬಹುದಲ್ಲ ಅಂತ ಕೇಳುವವರಿದ್ದಾರೆ. 2010ರ ಸುತ್ತಿನ ಕೆಲವು ಟಿವಿಗಳ ಯುಎಸ್‌ಬಿ ಬರೀ ಫೋಟೋ, ಹಾಡಿಗೆ. ಡಿವಿಡಿ ಪ್ಲೇಯರಿನ ಯುಎಸ್‌ಬಿಯಲ್ಲಿ ಮೊಬೈಲಿನ ಈಗಿನ ಎಂಪಿ4 ವಿಡಿಯೋ ಸಾಮಾನ್ಯವಾಗಿ ಓಡುವುದಿಲ್ಲ, ಹಳೇ ಡಿವ್‌ಎಕ್ಸ್ ಮಾದರಿಯವು ಓಡುತ್ತವೆ. ಡ್ರೈವನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿರಬೇಕು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ.

ಆದರೂ ಮನೆಯವರ ಡಿಸ್ಕುಗಳಿಗೆ ಈ ದಾರಿ ಬೇಕೇ ಬೇಕು ಅನ್ನುತ್ತೇನೆ, ಯಾವ ಪ್ಲೇಯರ್ ಕೊಂಡರೂ ಸರಿ. ಸಿನಿಮಾ ಇನ್ನೊಂದು ಸಿಗಬಹುದು. ಅಜ್ಜಿ ಆರತಿ ಎತ್ತುವ ಮದುವೆ ಡಿವಿಡಿ ಇನ್ನೊಂದು ಸಿಗುವುದಿಲ್ಲ. ಬರೆದ ಡಿಸ್ಕಿನಲ್ಲಿ ಚಿತ್ರ ಕೂತಿರುವುದು ಬಣ್ಣದ ಪದರದ ಮೇಲೆ. ಬಿಸಿಲು, ಸೆಕೆ, ತೇವ ಅದಕ್ಕೆ ಆಗುವುದಿಲ್ಲ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮೊದಲು ಅವನ್ನೇ ಕಾಪಿ ಮಾಡಿಟ್ಟುಕೊಳ್ಳಿ. ಸಿನಿಮಾ ಡಿಸ್ಕಿನ ಬೀಗ ಮುರಿಯುವುದು ಬೇರೆ ಮಾತು, 2012ರ ತಿದ್ದುಪಡಿಯ ಮೇಲೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಅದಕ್ಕೊಂದು ಸೆಕ್ಷನ್ ಇದೆ. ಮದುವೆ ಡಿಸ್ಕಿಗೆ ಅಂಥ ಬೀಗ ಇರುವುದಿಲ್ಲ. ಕಂಪ್ಯೂಟರಿಗೆ ಯುಎಸ್‌ಬಿ ಡಿವಿಡಿ ಡ್ರೈವ್ ಸಿಕ್ಕಿಸಿ, ವಿಡಿಯೋ_ಟಿಎಸ್ ಅನ್ನುವ ಫೋಲ್ಡರನ್ನು ಪೂರ್ತಿ ಕಾಪಿ ಮಾಡಿ. ವಿಸಿಡಿಯಾದರೆ ಎಂಪೆಗ್‌ಎವಿ ಫೋಲ್ಡರಿನ ಒಳಗಿರುವ ಡ್ಯಾಟ್ ಫೈಲು. ಎರಡನ್ನೂ ವಿಎಲ್‌ಸಿ ಓಡಿಸುತ್ತದೆ. ಟಿವಿಗೆ ಬೇಕಾದ ಎಂಪಿ4 ಮಾಡಲು ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ತಂತ್ರಾಂಶ ಸಾಕು. ಮೂಲ ಫೋಲ್ಡರನ್ನು ಮಾತ್ರ ಅಳಿಸಬೇಡಿ. ಒಂದು ಡ್ರೈವಿನಲ್ಲಿ ಓದದ ಡಿಸ್ಕು ಇನ್ನೊಂದರಲ್ಲಿ ಓದುವುದುಂಟು. ಹಾಗಾಗಿ ಹಳೇ ಕಂಪ್ಯೂಟರಿನಲ್ಲಿ ಡ್ರೈವ್ ಇದ್ದರೆ ಅದನ್ನೂ ಗುಜರಿಗೆ ಹಾಕುವ ಮೊದಲು ಒಮ್ಮೆ ಬಳಸಿ ನೋಡಿ.